ಬರೆದವನಿಗೆ ಮೆಮೊ ಕೊಡಬೇಡಿ: ಬಸ್ ಡಿಪೋ ನಡೆಸುವ ಸಾಹೇಬರಿಗೊಂದು ಬಹಿರಂಗ ಪತ್ರ

ಡಿಪೋ ಮ್ಯಾನೇಜರ್ ಸಾಹೇಬರಿಗೆ, ವಿಭಾಗದ ಡಿಸಿ (ವಿಭಾಗೀಯ ನಿಯಂತ್ರಣಾಧಿಕಾರಿ) ಮತ್ತು ಡಿಎಂಇ (ವಿಭಾಗೀಯ ಮೆಕ್ಯಾನಿಕಲ್ ಎಂಜಿನಿಯರ್) ಸಾಹೇಬರಿಗೆ, ಅವರೆಲ್ಲರ ಮೇಲಿರುವ ಹಿರಿಯ ಅಧಿಕಾರಿಗಳಿಗೆ ನಮಸ್ಕಾರ.

ನಾನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಕೊಪ್ಪಳ ಜಿಲ್ಲೆಯವನು. ಯಾವ ಡಿಪೋ, ಯಾರ ಕಾಲದಲ್ಲಿ ಅನ್ನುವುದನ್ನು ಬರೆಯುವುದಿಲ್ಲ. ಒಬ್ಬರನ್ನು ಹಿಡಿದು ಬೈಯುವುದು ನನ್ನ ಉದ್ದೇಶ ಅಲ್ಲ. ನಿಮ್ಮಿಂದ ನನಗೆ ಬೇಕಾಗಿರುವುದು ಒಂದೇ. ಡಿಪೋದಲ್ಲಿ ಕೂದಲೆಳೆ ಅಂತರದಲ್ಲಿ ತಪ್ಪಿಹೋಗುವ ಅಪಘಾತಗಳನ್ನು ಬರೆದಿಡಲು ಕೆಲಸಗಾರರಿಗೆ ಒಂದು ಜಾಗ ಮಾಡಿಕೊಡಿ. ಬರೆದವನಿಗೆ ಮೆಮೊ, ಅಂದರೆ ಶಿಸ್ತು ಕ್ರಮದ ನೋಟಿಸ್, ಕೊಡಬೇಡಿ.

ಬಸ್ ಅಪಘಾತ ಅಂದ ಕೂಡಲೇ ಜನಕ್ಕೆ ರಸ್ತೆ ನೆನಪಾಗುತ್ತದೆ. ಅದು ಪೇಪರಿಗೆ ಬರುತ್ತದೆ, ಶಾಸಕರು ಬರುತ್ತಾರೆ, ಪರಿಹಾರ ಘೋಷಣೆ ಆಗುತ್ತದೆ. ಡಿಪೋ ಗೇಟಿನ ಒಳಗೆ ಆಗುವುದು ಯಾರಿಗೂ ಗೊತ್ತಾಗುವುದಿಲ್ಲ. ಜ್ಯಾಕ್ ಜಾರಿ ಬೆರಳು ಹೋಗುತ್ತದೆ. ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೆ ಹಾರುತ್ತದೆ. ಪಿಟ್ಟಿನ (ಗಾಡಿಯ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿಯ) ಅಂಚಿನಲ್ಲಿ ಚೆಲ್ಲಿದ ಆಯಿಲ್ ಮೇಲೆ ಕಾಲಿಟ್ಟು ಒಳಗೆ ಬಿದ್ದವನ ಸೊಂಟ ಮತ್ತೆ ಸರಿಹೋಗುವುದೇ ಇಲ್ಲ. ಅವನಿಗೆ ಒಂದಷ್ಟು ದಿನ ರಜೆ ಸಿಗುತ್ತದೆ, ಆಮೇಲೆ ಲೈಟ್ ಡ್ಯೂಟಿ, ಆಮೇಲೆ ಅವನ ಹೆಸರೂ ಮರೆತುಹೋಗುತ್ತದೆ.

ನಾನು ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ಒಂದು ರಾತ್ರಿ ಪಿಟ್ ಮೇಲೆ ಗಾಡಿ ನಿಂತಿತ್ತು. ಕೆಳಗೆ ಒಬ್ಬ ಬ್ರೇಕ್ ಅಡ್ಜಸ್ಟ್ ಮಾಡುತ್ತಿದ್ದ. ಈ ಕೆಲಸ ಮಾಡದವರಿಗೆ ಒಂದು ವಿಷಯ ಗೊತ್ತಿರುವುದಿಲ್ಲ: ಬ್ರೇಕ್ ಅಡ್ಜಸ್ಟ್ ಮಾಡಬೇಕಂದ್ರೆ ಹ್ಯಾಂಡ್ ಬ್ರೇಕ್ ಬಿಡಬೇಕು, ಬಿಡದೆ ಇದ್ದರೆ ಲೈನರ್ (ಬ್ರೇಕಿನ ಪಟ್ಟಿ) ಗಾಲಿಯ ಡ್ರಮ್ಮಿಗೆ ಅಂಟಿಕೊಂಡೇ ಇರುತ್ತದೆ, ಎಷ್ಟು ಸಡಿಲ ಇದೆ ಅಂತ ತಿಳಿಯುವುದೇ ಇಲ್ಲ. ಅಂದರೆ ಆ ಹೊತ್ತಿನಲ್ಲಿ ಹತ್ತು ಟನ್ ಹತ್ತಿರದ ಗಾಡಿಯನ್ನು ಹಿಡಿದು ನಿಲ್ಲಿಸಿರುವುದು ಗಾಲಿಗೆ ಕೊಟ್ಟ ಅಡ್ಡ ಕಟ್ಟಿಗೆ ಮಾತ್ರ. ಅವತ್ತು ಕಟ್ಟಿಗೆ ಇತ್ತು, ಆದರೆ ಹಳೆಯದು, ಅಂಚು ಸವೆದು ದುಂಡಗಾಗಿತ್ತು. ಅಷ್ಟರಲ್ಲಿ ಇನ್ನೊಬ್ಬ ಮೇಲೆ ಹತ್ತಿ ಸೆಲ್ಫ್ ಹೊಡೆದ, ಅಂದರೆ ಎಂಜಿನ್ ಸ್ಟಾರ್ಟ್ ಮಾಡಿದ. ಕೆಳಗೆ ಜನ ಇದ್ದಾರೆ ಅಂತ ಅವನಿಗೆ ಗೊತ್ತಿಲ್ಲ, ಗೇರಿನಲ್ಲಿದೆ ಅಂತಲೂ ಗೊತ್ತಿಲ್ಲ. ಗಾಡಿ ಮುಂದಕ್ಕೆ ಜಿಗಿಯಿತು, ಕಟ್ಟಿಗೆ ಹತ್ತಿ ಇಳಿಯಿತು, ನಿಂತಿತು. ಕೆಳಗಿದ್ದವನು ಕೈ ಎಳೆದುಕೊಂಡಿದ್ದರಿಂದ ಉಳಿದ.

ಎಲ್ಲರೂ ಕೂಗಾಡಿದರು. ಚಹಾ ಕುಡಿದರು. ಕೆಲಸಕ್ಕೆ ಹೋದರು. ಒಂದು ಸಾಲು ಯಾರೂ ಎಲ್ಲಿಯೂ ಬರೆಯಲಿಲ್ಲ. ಬರೆದಿದ್ದರೆ ಸೆಲ್ಫ್ ಹೊಡೆದವನಿಗೆ ಒಂದು ಮೆಮೊ, ಕೆಳಗಿದ್ದವನಿಗೆ ಒಂದು ಮೆಮೊ, ಆ ಪಾಳಿಯ ಮೇಲ್ವಿಚಾರಕ ಚಾರ್ಜ್‌ಮ್ಯಾನ್‌ಗೆ ಇನ್ನೊಂದು. ಇಬ್ಬರು ಮಕ್ಕಳ ತಂದೆಯಾದವನು ಇನ್‌ಕ್ರಿಮೆಂಟ್ ಕಟ್ ಮಾಡಿಸಿಕೊಳ್ಳಲು ಯಾಕೆ ಬರೆಯುತ್ತಾನೆ ಹೇಳಿ.

ಕೆಲವು ತಿಂಗಳು ಕಳೆದವು. ಅದೇ ಪಿಟ್, ಅದೇ ತರಹದ ಸವೆದ ಕಟ್ಟಿಗೆ, ಬೇರೆ ಇಬ್ಬರು. ಈ ಸಲ ಕೆಳಗಿದ್ದವನು ಕಾಲು ಕಳೆದುಕೊಂಡ. ವಿಚಾರಣೆ ಆಯಿತು. "ಅಜಾಗರೂಕತೆ" ಅಂತ ಬರೆದರು, ಒಬ್ಬನನ್ನು ಸಸ್ಪೆಂಡ್ ಮಾಡಿದರು, ಫೈಲ್ ಮುಚ್ಚಿತು. ಕಟ್ಟಿಗೆ ಬದಲಾಗಲಿಲ್ಲ. ಗಾಡಿ ಪಿಟ್ ಮೇಲಿರುವಾಗ ಸ್ಟೀರಿಂಗಿಗೆ "ಕೆಳಗೆ ಜನ ಇದ್ದಾರೆ" ಅನ್ನುವ ಬೋರ್ಡ್ ಹಾಕುವ ಪದ್ಧತಿ ಬರಲಿಲ್ಲ. ಬ್ಯಾಟರಿ ಕನೆಕ್ಷನ್ ತೆಗೆದು ಕೆಲಸ ಶುರು ಮಾಡುವ ನಿಯಮ ಬರಲಿಲ್ಲ. ಮೊದಲ ರಾತ್ರಿಯದ್ದು ಎಲ್ಲಾದರೂ ಬರೆದಿದ್ದಿದ್ದರೆ, ಯಾರಾದರೂ ಓದಿ ಒಂದು ಹೊಸ ಕಟ್ಟಿಗೆ ಕೊಡಿಸಿದ್ದಿದ್ದರೆ, ಆ ಮನುಷ್ಯ ಇವತ್ತು ತನ್ನ ಎರಡು ಕಾಲ ಮೇಲೆ ನಡೆಯುತ್ತಿದ್ದ. ಇದು ನನಗೆ ಇವತ್ತಿಗೂ ಸಂಕಟ.

ಸಾಹೇಬರೇ, ನಾನು ಕೇಳುತ್ತಿರುವುದು ಹೊಸ ವಿಷಯ ಏನಲ್ಲ. ನಮ್ಮ ಪಕ್ಕದ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ. ಗಣಿಗಳಿಗೆ 1952ರ ಗಣಿ ಕಾಯ್ದೆ ಅಂತ ಒಂದು ಬಂತು. ಅದರಲ್ಲಿ ಏನು ಹೇಳಿತ್ತು ಗೊತ್ತಾ? ಜನ ಇಳಿಸುವ ಹಗ್ಗ ತುಂಡಾದರೆ ಅಧಿಕಾರಿಗಳಿಗೆ ತಿಳಿಸಬೇಕು. ಆ ಹಗ್ಗಕ್ಕೆ ಕಟ್ಟಿದ, ಜನ ನಿಲ್ಲುವ ಪಂಜರ ಮಿತಿ ಮೀರಿ ಮೇಲಕ್ಕೆ ಹೋದರೆ ತಿಳಿಸಬೇಕು. ಸತ್ತವರಿಲ್ಲ, ಗಾಯ ಆದವರಿಲ್ಲ ಅಂತ ಸುಮ್ಮನೆ ಬಿಡುವ ಹಾಗಿರಲಿಲ್ಲ. ಹಗ್ಗ ತುಂಡಾಗಿದ್ದೇ ಸುದ್ದಿ. ಅವತ್ತು ಪಂಜರದಲ್ಲಿ ಜನ ಇರಲಿಲ್ಲ ಅನ್ನುವುದು ಬರೀ ಅದೃಷ್ಟ. 1948ರ ಕಾರ್ಖಾನೆ ಕಾಯ್ದೆಯಲ್ಲೂ ಇಂಥದ್ದೇ ಒಂದು ಕಲಂ ಇತ್ತು: ಯಾರ ಮೈಗೂ ಪೆಟ್ಟಾಗದಿದ್ದರೂ ಕೆಲವು ಅಪಾಯದ ಘಟನೆಗಳನ್ನು ತಿಳಿಸಲೇಬೇಕು ಅಂತ. ಭೂಮಿಯ ಒಳಗೆ ಇಳಿಯುವವನ ಹಗ್ಗಕ್ಕೆ ಇಷ್ಟು ಮರ್ಯಾದೆ ಇದ್ದರೆ, ಪಿಟ್ಟಿನ ಒಳಗೆ ಇಳಿಯುವವನ ಅಡ್ಡಕಟ್ಟಿಗೆಗೂ ಇರಬೇಕಲ್ವಾ?

ಇನ್ನೊಂದು, ವಿಮಾನದವರದ್ದು. ಅಮೆರಿಕದಲ್ಲಿ 1974ರಲ್ಲಿ ಒಂದು ವಿಮಾನ ಗುಡ್ಡಕ್ಕೆ ಬಡಿದು ಅದರಲ್ಲಿದ್ದವರೆಲ್ಲ ಸತ್ತರು. ವಿಚಾರಣೆ ಮಾಡುವಾಗ ತಿಳಿದದ್ದು, ಅದಕ್ಕೂ ಕೆಲವು ವಾರ ಮುಂಚೆ ಬೇರೆ ಕಂಪನಿಯ ಪೈಲಟ್ ಒಬ್ಬರು ಅದೇ ಜಾಗದಲ್ಲಿ, ಅದೇ ಗೊಂದಲದಲ್ಲಿ, ಅದೇ ಗುಡ್ಡಕ್ಕೆ ಬಡಿಯುವುದರಿಂದ ಸ್ವಲ್ಪದರಲ್ಲಿ ತಪ್ಪಿಸಿಕೊಂಡಿದ್ದರು. ಅವರ ಕಂಪನಿಯೊಳಗೆ ಎಚ್ಚರಿಕೆ ಕೊಟ್ಟಿದ್ದರು, ಹೊರಗಿನವರಿಗೆ ಅದು ಮುಟ್ಟಲೇ ಇಲ್ಲ. ಆಮೇಲೆ 1976ರಲ್ಲಿ ಅವರು ಒಂದು ವ್ಯವಸ್ಥೆ ಮಾಡಿದರು. ಪೈಲಟ್‌ಗಳು, ಟವರಿನಲ್ಲಿ ಕೂತವರು, ಯಾರು ಬೇಕಾದರೂ ತಪ್ಪಿಹೋದ ಅಪಾಯವನ್ನು ಬರೆದು ಕಳಿಸಬಹುದು. ಕಳಿಸುವುದು ಲೈಸೆನ್ಸ್ ಕೊಡುವ ಇಲಾಖೆಗೆ ಅಲ್ಲ, ನಾಸಾಗೆ. ಶಿಕ್ಷೆ ಕೊಡುವ ಕೈಯೇ ಕಾಗದ ತೆಗೆದುಕೊಂಡರೆ ಯಾರೂ ಬರೆಯುವುದಿಲ್ಲ ಅಂತ ಅವರಿಗೆ ಅರ್ಥವಾಗಿತ್ತು. ನಾಸಾದವರು ಬರೆದವರ ಹೆಸರು ತೆಗೆದುಹಾಕಿ, ವಿಷಯ ಮಾತ್ರ ಉಳಿಸಿಕೊಂಡು, ಎಲ್ಲರಿಗೂ ಹಂಚುತ್ತಾರೆ. ಬೇಕಂತಲೇ ಮಾಡಿದ ತಪ್ಪಿಗೆ, ಅಪರಾಧಕ್ಕೆ ಅಲ್ಲಿ ರಕ್ಷಣೆ ಇಲ್ಲ. ಹಾಗಾಗಿ ಇದು ತಪ್ಪಿತಸ್ಥರನ್ನು ಮುಚ್ಚಿಹಾಕುವ ಉಪಾಯ ಅಂತ ದಯವಿಟ್ಟು ಹೇಳಬೇಡಿ.

ನಮ್ಮಲ್ಲೂ ಹಾಗೇ ಮಾಡಬಹುದು, ಖರ್ಚು ಕೂಡ ಇಲ್ಲ. ಡಿಪೋದಲ್ಲಿ ಒಂದು ಪೆಟ್ಟಿಗೆ ಇಡಿ, ಅದರ ಬೀಗದ ಕೈ ಡಿಪೋದ ಯಾರ ಹತ್ತಿರವೂ ಇರಬಾರದು, ಡಿಪೋ ಮ್ಯಾನೇಜರ್ ಹತ್ತಿರವೂ ಬೇಡ. ಅಥವಾ ಒಂದು ಫೋನ್ ನಂಬರ್ ಕೊಡಿ, ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದರೆ ಸಾಕು, ಯಾಕಂದ್ರೆ ನಮ್ಮ ಎಷ್ಟೋ ಮಂದಿಗೆ ಬರೆಯುವುದಕ್ಕಿಂತ ಹೇಳುವುದೇ ಸುಲಭ. ಅದನ್ನು ಬೇರೆ ವಿಭಾಗದ ಒಬ್ಬ ಅನುಭವಸ್ಥ ಎಂಜಿನಿಯರ್ ಕೇಳಲಿ. ಹೆಸರು ತೆಗೆದು, ತಿಂಗಳಿಗೊಂದು ಸಲ ಒಂದು ಹಾಳೆ ಮಾಡಿ, ಎಲ್ಲ ಡಿಪೋದ ನೋಟಿಸ್ ಬೋರ್ಡಿಗೆ ಹಾಕಲಿ. ಸಿಂಧನೂರಿನಲ್ಲಿ ತಪ್ಪಿದ ಅಪಘಾತ ಕುಷ್ಟಗಿಯವರಿಗೆ ತಿಳಿಯಬೇಕು, ಸಿರುಗುಪ್ಪದ್ದು ದೇವದುರ್ಗದವರಿಗೆ ತಿಳಿಯಬೇಕು. ಮತ್ತು ಆ ಹಾಳೆಯಲ್ಲಿ ಪ್ರತಿಯೊಂದರ ಮುಂದೆ ಏನು ಮಾಡಿದಿರಿ ಅಂತ ಬರೆಯಬೇಕು. ಏನೂ ಮಾಡಿಲ್ಲ ಅಂದರೆ "ಇನ್ನೂ ಮಾಡಿಲ್ಲ" ಅಂತಲೇ ಬರೆಯಿರಿ, ಪರವಾಗಿಲ್ಲ. ಉತ್ತರ ಬರದ ಪೆಟ್ಟಿಗೆಗೆ ಎರಡನೇ ಸಲ ಯಾರೂ ಚೀಟಿ ಹಾಕುವುದಿಲ್ಲ.

ಅಂಥ ಪೆಟ್ಟಿಗೆ ಇಟ್ಟರೆ ಮೊದಲ ವಾರ ಏನು ಬರುತ್ತದೆ ಅಂತ ನಾನು ಈಗಲೇ ಹೇಳಬಲ್ಲೆ.

ಟೈರ್ ಸೆಕ್ಷನ್‌ನಿಂದ ಲಾಕ್ ರಿಂಗ್ ವಿಷಯ ಬರುತ್ತದೆ. ಬಸ್ಸಿನ ಟೈರಿಗೆ ನೂರು ಪಿಎಸ್‌ಐ ಮೇಲೆ ಗಾಳಿ ತುಂಬುತ್ತೇವೆ. ಟ್ಯೂಬ್ ಇರುವ ಹಳೆ ರಿಮ್ಮಿನಲ್ಲಿ ಟೈರನ್ನು ಹಿಡಿದಿಡುವ ಲಾಕ್ ರಿಂಗ್ ಸರಿಯಾಗಿ ಕೂರದಿದ್ದರೆ, ತುಕ್ಕು ಹಿಡಿದಿದ್ದರೆ, ಸ್ವಲ್ಪ ಸೊಟ್ಟ ಆಗಿದ್ದರೆ, ಗಾಳಿ ಏರುತ್ತಿದ್ದ ಹಾಗೆ ಆ ಕಬ್ಬಿಣದ ಬಳೆ ಕಿತ್ತು ಹಾರುತ್ತದೆ. ಎದುರಿಗೆ ತಲೆ ಇದ್ದರೆ ತಲೆ ಹೋಗುತ್ತದೆ. ಇದಕ್ಕೆ ಮದ್ದು ಎಲ್ಲರಿಗೂ ಗೊತ್ತು: ದಪ್ಪ ಪೈಪಿನ ಪಂಜರದೊಳಗೆ ಚಕ್ರ ಇಟ್ಟು, ಉದ್ದ ಹೋಸ್ ಹಾಕಿ, ಪಕ್ಕಕ್ಕೆ ನಿಂತು ಗಾಳಿ ತುಂಬಬೇಕು. ಪಂಜರ ಇರುವ ಕಡೆಯೂ ಅದು ಮೂಲೆಯಲ್ಲಿ ಧೂಳು ತಿನ್ನುವುದನ್ನು ನಾನು ನೋಡಿದ್ದೇನೆ, ಯಾಕಂದ್ರೆ ಚಕ್ರ ಎತ್ತಿ ಒಳಗಿಟ್ಟು ಹೊರಗೆ ತೆಗೆಯಲು ಹೊತ್ತು ಬೇಕು, ಬೆಳಿಗ್ಗೆ ಐದೂವರೆಯ ಗಾಡಿ ಕಾಯುವುದಿಲ್ಲ. ಹುಡುಗರು ಸೋಮಾರಿಗಳು ಅಂತ ಬೈದರೆ ಇದು ಸರಿಹೋಗಲ್ಲ. ಪಂಜರವನ್ನು ನೆಲದ ಮಟ್ಟಕ್ಕೆ ಹಾಕಿ, ಚಕ್ರ ಉರುಳಿಸಿಕೊಂಡು ಹೋಗುವ ಹಾಗೆ ಮಾಡಿ. ಆಗ ಎಲ್ಲರೂ ಬಳಸುತ್ತಾರೆ.

ಪಿಟ್ಟಿನ ದೀಪದ ವಿಷಯವೂ ಬರುತ್ತದೆ. ಡೀಸೆಲ್ ಸೋರಿದ ನೆಲ, ಒದ್ದೆ ಗೋಡೆ, ಕೈಯಲ್ಲಿ 230 ವೋಲ್ಟ್ ವೈರಿನ ಬಲ್ಬು, ಆ ವೈರಿಗೆ ಮೂರು ಕಡೆ ಟೇಪು. ಇಕ್ಕಟ್ಟಾದ ಅಪಾಯದ ಜಾಗಕ್ಕೆ 24 ವೋಲ್ಟಿಗಿಂತ ಜಾಸ್ತಿಯ ಕೈದೀಪ ಒಯ್ಯಬಾರದು ಅಂತ ಕಾರ್ಖಾನೆ ಕಾಯ್ದೆ ಹೇಳಿತ್ತು. ನಮ್ಮ ಬಸ್ಸಿನ ವಿದ್ಯುತ್ತೇ 24 ವೋಲ್ಟಿನದು, 12 ವೋಲ್ಟಿನ ಎರಡು ಬ್ಯಾಟರಿ ಸೇರಿ. ಶೆಡ್ಡಿನಲ್ಲಿ ಬಿದ್ದಿರುವ ಹಳೆ ಬ್ಯಾಟರಿಗಳಲ್ಲಿ ಚೆನ್ನಾಗಿರುವ ಎರಡನ್ನು ಆರಿಸಿ ಪಿಟ್ಟಿನಿಂದ ದೂರ ಇಟ್ಟು, ಗಟ್ಟಿ ವೈರು ಎಳೆದು ಎಲ್‌ಇಡಿ ಕೈದೀಪ ಮಾಡಿಕೊಟ್ಟರೆ ಮುಗಿಯಿತು. ಟೆಂಡರ್ ಕರೆಯುವಷ್ಟು ದೊಡ್ಡ ಕೆಲಸ ಅಲ್ಲ ಇದು.

ಬ್ರೇಕ್ ಡ್ರಮ್ ಬಿಚ್ಚಿದ ಮೇಲೆ ಒಳಗಿನ ಧೂಳಿಗೆ ಗಾಳಿ ಹೊಡೆಯುವುದನ್ನು ನಿಲ್ಲಿಸಿ ಅಂತ ಇನ್ನೊಬ್ಬ ಬರೆಯಬಹುದು. ಆ ಧೂಳು ಶೆಡ್ ತುಂಬ ಹರಡುತ್ತದೆ, ಹಳೆ ಲೈನರಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇದ್ದರಂತೂ ಎದೆಗೂಡಿಗೆ ಬಹಳ ಕೆಟ್ಟದ್ದು, ಅದು ಕಾಣಿಸಿಕೊಳ್ಳುವುದು ನಿವೃತ್ತಿ ಆಗಿ ಎಷ್ಟೋ ವರ್ಷಕ್ಕೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಡ್ರೈವರ್‌ಗಳು ಬರೆಯುವುದು ಮಾತ್ರ ಬೇರೆ ಇರುತ್ತದೆ. ನಿದ್ದೆ ಬಗ್ಗೆ ಬರೆಯುತ್ತಾರೆ. 1961ರಲ್ಲೇ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ ಬಂದಿತ್ತು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ಸತತ 5 ಗಂಟೆ ಕೆಲಸದ ನಂತರ ಕನಿಷ್ಠ ಅರ್ಧ ಗಂಟೆ ವಿರಾಮ, ಒಂದು ಡ್ಯೂಟಿ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ ಕನಿಷ್ಠ 9 ಗಂಟೆ ಬಿಡುವು, ಹೀಗೆ ಬರೆದಿತ್ತು. ದೂರದ ಓಟಕ್ಕೆ ಒಂದಷ್ಟು ಸಡಿಲಿಕೆ ಇತ್ತು, ನಿಜ. ಈಗ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ಅದರಲ್ಲೂ ದಿನಕ್ಕೆ ಎಂಟು ಗಂಟೆ ಅನ್ನುವ ಲೆಕ್ಕ ಹಾಗೇ ಇದೆ. ಆದರೆ ಈ ಒಂಬತ್ತು ಗಂಟೆ ಅನ್ನುವುದು ಎಲ್ಲಿ ಕಳೆಯುತ್ತದೆ ಅಂತ ಯಾರಾದರೂ ನೋಡಿದ್ದೀರಾ? ನೈಟ್ ಹಾಲ್ಟ್ ಗಾಡಿ ಹಳ್ಳಿ ಮುಟ್ಟುವುದು ರಾತ್ರಿ ಒಂಬತ್ತರ ಮೇಲೆ. ಮಲಗುವುದು ಬಸ್ಸಿನ ಸೀಟಿನ ಮೇಲೆ, ಇಲ್ಲವೇ ಗುಡಿ ಕಟ್ಟೆಯ ಮೇಲೆ. ಸೊಳ್ಳೆ, ಸೆಖೆ. ನಸುಕಿನ ಐದಕ್ಕೆ ಎದ್ದು ಮತ್ತೆ ಸ್ಟೀರಿಂಗ್. ಒಂಬತ್ತು ಗಂಟೆಯೇ ತುಂಬುವುದಿಲ್ಲ, ಆದರೂ ಕಾಗದದ ಮೇಲೆ ಅದು ವಿಶ್ರಾಂತಿ. ಕಣ್ಣಿಗೆ ಅದು ವಿಶ್ರಾಂತಿ ಅಲ್ಲ. ಮಹಿಳಾ ಕಂಡಕ್ಟರ್ ಆದರೆ ದಾರಿಯ ಎಷ್ಟೋ ಸ್ಟ್ಯಾಂಡುಗಳಲ್ಲಿ ಶೌಚಾಲಯಕ್ಕೆ ಹೋಗಲೂ ಆಗದೆ, ನೀರು ಕುಡಿಯುವುದನ್ನೇ ಬಿಟ್ಟು ಬಿಸಿಲಲ್ಲಿ ದಿನ ತಳ್ಳುತ್ತಾಳೆ. ನೀರು ಕುಡಿಯದೆ ಏಪ್ರಿಲ್ ತಿಂಗಳ ರಾಯಚೂರಿನಲ್ಲಿ, 40 ಡಿಗ್ರಿ ದಾಟಿದ ಬಿಸಿಲಲ್ಲಿ!

ಬಿಸಿಲಿನ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ಕಡೆ ಹಳ್ಳಿಗೆ ಓಡುವ ಜಾಸ್ತಿ ಗಾಡಿಗಳಲ್ಲಿ ಎಂಜಿನ್ ಮುಂದೆಯೇ ಇರುತ್ತದೆ, ಡ್ರೈವರ್ ಎಡಗಾಲ ಪಕ್ಕದಲ್ಲೇ. ಬಾನೆಟ್ ಮೇಲಿನ ಹೊದಿಕೆ ಹರಿದಿದ್ದರೆ ಒಲೆ ಪಕ್ಕ ಕೂತ ಹಾಗೆ. ಅಂಥ ಹೊದಿಕೆಗೆ ಡ್ರೈವರ್ ಲಾಗ್‌ಶೀಟಿನಲ್ಲಿ ಕಂಪ್ಲೇಂಟ್ ಬರೆದರೆ ಅದು ಕೊನೆಯ ಸಾಲಿಗೆ ಹೋಗುತ್ತದೆ, ಗಾಡಿ ಓಡುತ್ತದಲ್ಲ ಅಂತ. ಓಡುತ್ತದೆ ನಿಜ, ಆದರೆ ತಲೆ ಕಾದು ಬೇಗ ದಣಿದವನು ಬ್ರೇಕ್ ತುಳಿಯುವುದು ಅರ್ಧ ಸೆಕೆಂಡ್ ತಡವಾದರೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಡಿ ಎಂಟು ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಶೆಡ್ಡಿನ ತಗಡಿನ ಕೆಳಗೆ ಮಧ್ಯಾಹ್ನ ಕೆಲಸ ಮಾಡುವ ಮೆಕ್ಯಾನಿಕ್‌ಗೂ ಇದೇ ಗತಿ. ಬೇಸಿಗೆಯಲ್ಲಿ ಭಾರಿ ಕೆಲಸವನ್ನು ನಸುಕಿಗೆ ಹಾಕಿ, ಮಧ್ಯಾಹ್ನ ಹಗುರ ಕೆಲಸ ಕೊಡಿ, ಮಣ್ಣಿನ ಹರವಿಯಲ್ಲಿ ತಂಪು ನೀರು ಇಡಿಸಿ.

ಇನ್ನೊಂದು ಸೂಕ್ಷ್ಮ ವಿಷಯ, ಕೆಎಂಪಿಎಲ್. ಲೀಟರ್ ಡೀಸೆಲಿಗೆ ಎಷ್ಟು ಕಿಲೋಮೀಟರ್ ಬಂತು ಅಂತ ಡ್ರೈವರ್‌ವಾರು ಲೆಕ್ಕ ಹಾಕಿ ಹೆಸರು ಕರೆದು ಕೇಳಿದಾಗ ಏನಾಗುತ್ತದೆ ಅಂತ ಯೋಚಿಸಿ. ಡೀಸೆಲ್ ಉಳಿಸುವುದು ತಪ್ಪಲ್ಲ. ಆದರೆ ಲೆಕ್ಕ ತೋರಿಸಲು ಕೆಲವರು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡಿ ಗಾಡಿ ಬಿಡುತ್ತಾರೆ. ಸಂಡೂರು ಕಡೆಯ ಇಳಿಜಾರಿನಲ್ಲಿ, ಎದುರಿಗೆ ಅದಿರಿನ ಲಾರಿ ಬರುವಾಗ, ಎಂಜಿನ್ನಿನ ಹಿಡಿತ ಇಲ್ಲದೆ ಬರೀ ಬ್ರೇಕ್ ಮೇಲೆ ಗಾಡಿ ಇಳಿಸಿದರೆ ಡ್ರಮ್ ಕಾಯುತ್ತದೆ, ಲೈನರ್ ಹಿಡಿಯುವುದಿಲ್ಲ. ಇದನ್ನು ಯಾವ ಡ್ರೈವರೂ ನಿಮ್ಮ ಮುಂದೆ ಒಪ್ಪಿಕೊಳ್ಳುವುದಿಲ್ಲ. ಹೆಸರಿಲ್ಲದ ಪೆಟ್ಟಿಗೆಯಲ್ಲಿ ಹೇಳುತ್ತಾನೆ. ಆಗ ಆ ಲೆಕ್ಕ ಕೇಳುವ ರೀತಿಯನ್ನೇ ಬದಲಿಸಲು ನಿಮಗೆ ದಾರಿ ಸಿಗುತ್ತದೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳು ಬಸ್ ಹತ್ತಿದರು, ಆಸ್ಪತ್ರೆಗೆ, ಕಾಲೇಜಿಗೆ, ತವರಿಗೆ ಹೋದರು. ನನ್ನ ಮನೆಯವರೂ ಹೋಗುತ್ತಾರೆ, ನನಗೆ ಖುಷಿಯೇ. ಆದರೆ ಜನ ಜಾಸ್ತಿ ಆದಂತೆ ಗಾಡಿ ಮೇಲೆ ಒತ್ತಡವೂ ಜಾಸ್ತಿ ಆಗುತ್ತದೆ, ಟೈರು ಬ್ರೇಕು ಬೇಗ ಸವೆಯುತ್ತವೆ, ಹುಣ್ಣಿಮೆಗೆ ಹುಲಿಗಿಗೆ, ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಗೆ ಸ್ಪೆಷಲ್ ಗಾಡಿ ಬಿಡಬೇಕು. ಆ ದಿನಗಳಲ್ಲಿ ಡಾಕಿಂಗಿಗೆ, ಅಂದರೆ ನಿಗದಿತ ತಪಾಸಣೆ ಮತ್ತು ರಿಪೇರಿಗೆ, ಬಂದ ಗಾಡಿಯನ್ನೂ ಅರ್ಧಕ್ಕೆ ಎಳೆದುಕೊಂಡು ಹೋಗುವುದನ್ನು ನಾನು ಬಲ್ಲೆ. ಶೆಡ್ಯೂಲ್ ಕ್ಯಾನ್ಸಲ್ ಆದರೆ ಮೇಲಿನಿಂದ ಅದೇ ದಿನ ಫೋನ್ ಬರುತ್ತದೆ. ಬ್ರೇಕ್ ಕೆಲಸ ಅರ್ಧಕ್ಕೆ ನಿಂತರೆ ಯಾರ ಫೋನೂ ಬರುವುದಿಲ್ಲ. ಕೆಳಗಿನವರು ಯಾವುದಕ್ಕೆ ಹೆದರಬೇಕು ಅನ್ನುವುದನ್ನು ಹೀಗೆ ನೀವೇ ಕಲಿಸಿಬಿಟ್ಟಿದ್ದೀರಿ. ಎರಡನೆಯದಕ್ಕೂ ಫೋನ್ ಮಾಡಿ ಕೇಳಿ. "ಈ ಗಾಡಿ ಯಾಕೆ ಪೂರ್ತಿ ಆಗದೆ ಹೊರಗೆ ಹೋಯಿತು?" ಅಂತ ಒಂದೇ ಒಂದು ಪ್ರಶ್ನೆ.

ರೈಲಿನವರಿಂದ ಒಂದು ಅಭ್ಯಾಸ ಎರವಲು ತರಬಹುದು. ರಾಯಚೂರಿನಲ್ಲಿ, ಹೊಸಪೇಟೆಯಲ್ಲಿ ಎಂಜಿನ್ ಹತ್ತಿರ ನಿಂತು ನೋಡಿದವರಿಗೆ ಗೊತ್ತಿರಬಹುದು, ಲೋಕೋ ಪೈಲಟ್ ಮತ್ತು ಅವರ ಸಹಾಯಕ ಸಿಗ್ನಲ್ ಕಂಡಾಗ ಕೈ ತೋರಿಸಿ, ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಜಪಾನಿನಲ್ಲಿ ಇದನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡುತ್ತಾರೆ. ಕಣ್ಣು, ಕೈ, ಬಾಯಿ ಮೂರೂ ಸೇರಿದರೆ ಮನಸ್ಸು ಬೇರೆ ಕಡೆ ಹೋಗುವುದು ಕಡಿಮೆ. ನಮ್ಮ ಡಿಪೋದಲ್ಲೂ ಸೆಲ್ಫ್ ಹೊಡೆಯುವ ಮುಂಚೆ "ಕೆಳಗೆ ಯಾರು?" ಅಂತ ಜೋರಾಗಿ ಕೂಗಬೇಕು, ಕೆಳಗಿದ್ದವನೋ ಪಕ್ಕದಲ್ಲಿದ್ದವನೋ ಉತ್ತರ ಕೊಡಬೇಕು, ಉತ್ತರ ಬರದಿದ್ದರೆ ಇಳಿದು ಬಗ್ಗಿ ನೋಡಬೇಕು. ರಿವರ್ಸ್ ತೆಗೆಯುವಾಗ ಹಿಂದೆ ಒಬ್ಬ ಸೀಟಿ ಊದುತ್ತ ನಿಲ್ಲದೆ ಗಾಡಿ ಅಲುಗಾಡಬಾರದು, ಬಸ್ ಸ್ಟ್ಯಾಂಡ್ ಆಗಲಿ, ಡಿಪೋ ಆಗಲಿ.

ಯೂನಿಯನ್ ಮುಖಂಡರಿಗೂ ಒಂದು ಮಾತು. ಸಂಬಳ, ಬಾಕಿ, ವರ್ಗಾವಣೆ ಎಲ್ಲ ಮುಖ್ಯವೇ. ಅದರ ಜೊತೆಗೆ ಪಿಟ್ಟಿನ ದೀಪವನ್ನೂ ಬೇಡಿಕೆ ಪಟ್ಟಿಯಲ್ಲಿ ಬರೆಯಿರಿ ಅಣ್ಣಂದಿರಾ.

ಸಾಹೇಬರೇ, ಮಳೆಗಾಲದ ಕೆಸರು, ಸುಗ್ಗಿಯ ಕಾಲಕ್ಕೆ ರಸ್ತೆ ಮೇಲೆ ಒಣಗಲು ಹಾಕಿದ ಭತ್ತ, ಇವೆಲ್ಲ ನಿಮ್ಮ ಕೈಯಲ್ಲಿಲ್ಲ. ಪೆಟ್ಟಿಗೆ ನಿಮ್ಮ ಕೈಯಲ್ಲಿದೆ. ಮೊದಲು ಒಂದೇ ವಿಭಾಗದಲ್ಲಿ, ಒಂದೇ ವರ್ಷಕ್ಕೆ ಮಾಡಿ ನೋಡಿ. ಆ ವರ್ಷ ಪೆಟ್ಟಿಗೆಯಲ್ಲಿ ಬರೆದ ಯಾವ ವಿಷಯದ ಮೇಲೂ ಶಿಸ್ತು ಕ್ರಮ ಇಲ್ಲ, ಕುಡಿದು ಬಂದದ್ದು ಮತ್ತು ಬೇಕಂತಲೇ ಮಾಡಿದ್ದು ಬಿಟ್ಟು, ಅಂತ ಒಂದು ಸುತ್ತೋಲೆ ಹೊರಡಿಸಿ ಸಹಿ ಮಾಡಿ. ಸಹಿ ಇಲ್ಲದೆ ಬಾಯಿ ಮಾತಿನಲ್ಲಿ ಹೇಳಿದರೆ ನಮ್ಮ ಹುಡುಗರು ನಂಬುವುದಿಲ್ಲ, ನಂಬಲೂಬಾರದು. ಬಂದ ಚೀಟಿಗಳನ್ನು ಓದಿ ವಿಂಗಡಿಸಲು, ಹೊಸ ಅಪ್ರೆಂಟಿಸ್‌ಗಳಿಗೆ ಲಾಕ್ ರಿಂಗ್ ಹೇಗೆ ನೋಡಬೇಕು, ಜ್ಯಾಕ್ ಕೆಳಗೆ ಏನು ಕೊಡಬೇಕು ಅಂತ ಕೈ ಹಿಡಿದು ತೋರಿಸಲು ಜನ ಬೇಕು ಅಂದರೆ ನಮ್ಮಂಥ ನಿವೃತ್ತರು ಗಂಗಾವತಿಯಲ್ಲಿ, ಮಾನ್ವಿಯಲ್ಲಿ, ಬಳ್ಳಾರಿಯಲ್ಲಿ ಎಲ್ಲ ಕಡೆ ಇದ್ದೇವೆ. ದುಡ್ಡು ಬೇಡ, ಬಂದು ಹೋಗುವ ಪಾಸ್ ಕೊಟ್ಟರೆ ಸಾಕು. ಬರುವ ಬೇಸಿಗೆ ಶುರುವಾಗುವ ಮುಂಚೆ ಕರೆದರೆ ಒಳ್ಳೆಯದು, ಟೈರುಗಳ ಕೆಲಸ ಬೇಸಿಗೆಯಲ್ಲೇ ಜಾಸ್ತಿ ಇರುತ್ತದೆ.

ಇಂತಿ,
ನಿವೃತ್ತ ಮೆಕ್ಯಾನಿಕ್, ಕೊಪ್ಪಳ ಜಿಲ್ಲೆ